ಹಳೆಯ ಡಿಜಿಟಲ್ ಕ್ಯಾಮೆರಾ ಕೆಲಸ ಮಾಡದಿದ್ದಾಗ: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಹೊಸಕೋಟೆಯ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2006ರಲ್ಲಿ ಶೆಡ್ಡು ನಿರ್ಮಿಸಿದಾಗ ನಿವೇಶನದ ಎಲ್ಲೆ, ಕಾಂಪೌಂಡು ಹಾಗೂ ಯಂತ್ರಗಳನ್ನು ಮಾಲೀಕರು ಡಿಜಿಟಲ್ ಕ್ಯಾಮೆರಾದಲ್ಲಿ ಸೆರೆಹಿಡಿದಿರುತ್ತಾರೆ. ಇಂದು ಎಲ್ಲೆಯ ವಿವಾದ ಉದ್ಭವಿಸಿ ಆ ಚಿತ್ರಗಳು ಬೇಕಾದಾಗ ಕ್ಯಾಮೆರಾ ಚಾಲನೆಗೊಳ್ಳುವುದಿಲ್ಲ. ಇಂತಹ ಸಂದರ್ಭದಲ್ಲಿ ಕ್ಯಾಮೆರಾದ ಬೆಲೆ ಅತ್ಯಲ್ಪ. ಅದರೊಳಗಿನ ದಾಖಲೆಯ ಬೆಲೆಯೇ ಅಧಿಕ. ಆದ್ದರಿಂದ ಮೊದಲು ದಾಖಲೆಯನ್ನು ರಕ್ಷಿಸಿ, ಅನಂತರ ದುರಸ್ತಿಗೆ ಕೈಹಾಕುವುದು ಸೂಕ್ತ.

ದಾಖಲೆಯ ರಕ್ಷಣೆ

ಮೆಮೊರಿ ಕಾರ್ಡನ್ನು ಹೊರತೆಗೆದು, ಎಸ್‌ಡಿ ಕಾರ್ಡಾಗಿದ್ದಲ್ಲಿ ಅದರ ಬದಿಯ ಲಾಕ್ ಗುಂಡಿಯನ್ನು ಸರಿಸಿ, ಕಾರ್ಡ್ ರೀಡರ್ ಮೂಲಕ ಎಲ್ಲ ಕಡತಗಳ ಪ್ರತಿ ಮಾಡಿಕೊಳ್ಳಬೇಕು. ಎಕ್ಸ್‌ಡಿ, ಕಾಂಪ್ಯಾಕ್ಟ್ ಫ್ಲ್ಯಾಶ್ ಹಾಗೂ ಮೆಮೊರಿ ಸ್ಟಿಕ್‌ಗಳಿಗೆ ಅವುಗಳಿಗೆ ಹೊಂದುವ ರೀಡರ್ ಅಗತ್ಯ. ಕಾರ್ಡನ್ನು ಫಾರ್ಮ್ಯಾಟ್ ಮಾಡುವಂತೆ ಕ್ಯಾಮೆರಾ ಅಥವಾ ಕಂಪ್ಯೂಟರ್ ಸೂಚಿಸಿದರೂ ಒಪ್ಪತಕ್ಕದ್ದಲ್ಲ. ಅಳಿಸಿಹೋದಂತೆ ಕಾಣುವ ಚಿತ್ರಗಳನ್ನು ಫೋಟೋರೆಕ್‌ನಂತಹ ಉಚಿತ ತಂತ್ರಾಂಶದಿಂದ ಅನೇಕ ವೇಳೆ ಮರಳಿ ಪಡೆಯಬಹುದು. ಹಾಗೆ ಪಡೆದವನ್ನು ಅದೇ ಕಾರ್ಡಿಗೆ ಉಳಿಸಬಾರದು.

ಕೆಲವು ಮಾದರಿಗಳಲ್ಲಿ ಕಾರ್ಡಿಲ್ಲದೆ ತೆಗೆದ ಚಿತ್ರಗಳು ಕ್ಯಾಮೆರಾದ ಆಂತರಿಕ ಸ್ಮೃತಿಯಲ್ಲಿ ಉಳಿದಿರುತ್ತವೆ. ಕಾರ್ಡು ಖಾಲಿಯೆಂದು ಕ್ಯಾಮೆರಾವನ್ನು ವಿಲೇವಾರಿ ಮಾಡುವ ಮುನ್ನ ಇದನ್ನು ಪರಿಶೀಲಿಸಬೇಕು.

ದೋಷ ಪತ್ತೆ

1. ವಿದ್ಯುತ್: ಬಹುತೇಕ ತೊಂದರೆಗಳು ಇಲ್ಲಿಯೇ ಆರಂಭವಾಗುತ್ತವೆ. ಪೆನ್ಸಿಲ್ ಸೆಲ್ಲಿನ ಕ್ಯಾಮೆರಾಗಳು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಬೇಡುತ್ತವೆ. ಸಾಧಾರಣ ಸೆಲ್ಲುಗಳು ಅದನ್ನು ಒದಗಿಸಲಾರವು. ಪೂರ್ಣ ಚಾರ್ಜಾದ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಬಳಸಿ ನೋಡಬೇಕು. ಸಂಪರ್ಕ ಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಮುಚ್ಚಳ ಬಿಗಿಯಾಗಿ ಕೂತಿದೆಯೇ ಎಂದು ನೋಡಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು.

2. ಕಾರ್ಡು: ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿವರೆಗಿನ ಎಸ್‌ಡಿ ಕಾರ್ಡುಗಳನ್ನಷ್ಟೇ ಗುರುತಿಸುತ್ತವೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಮಾದರಿಯ ಕಾರ್ಡು ಹಾಕಿದರೆ ‘ಕಾರ್ಡ್ ಎರರ್’ ಎಂಬ ಸೂಚನೆ ಬರುತ್ತದೆ. ಇದು ಕ್ಯಾಮೆರಾದ ದೋಷವಲ್ಲ.

3. ಚಿತ್ರ ಕಪ್ಪಾಗುವುದು: ಮೆನು ಸರಿಯಾಗಿ ಕಾಣುತ್ತಿದ್ದು, ಚಿತ್ರ ಮಾತ್ರ ಕಪ್ಪಾಗಿ ಅಥವಾ ವಿಕಾರವಾಗಿ ಬಂದರೆ ಸಿಸಿಡಿ ಸಂವೇದಕವನ್ನು ಶಂಕಿಸಬಹುದು. ಸೋನಿ ತಯಾರಿಸಿದ ಕೆಲವು ಸಿಸಿಡಿಗಳು ಶಾಖ ಮತ್ತು ತೇವಾಂಶದಿಂದ ಕೆಡುತ್ತಿದ್ದುದು 2005ರಲ್ಲಿ ಬೆಳಕಿಗೆ ಬಂದು, ಅವನ್ನು ಬಳಸಿದ್ದ ಹಲವು ಸಂಸ್ಥೆಗಳು ಅಂದು ಉಚಿತ ದುರಸ್ತಿ ಘೋಷಿಸಿದ್ದವು. ಸಂವೇದಕ ಕೆಟ್ಟರೂ ಹಿಂದೆ ಕಾರ್ಡಿನಲ್ಲಿ ಉಳಿಸಿದ ಚಿತ್ರಗಳಿಗೆ ಧಕ್ಕೆಯಾಗುವುದಿಲ್ಲ.

4. ಲೆನ್ಸ್: ಧೂಳಿನಿಂದ ಸಿಕ್ಕಿಕೊಂಡ ಲೆನ್ಸನ್ನು ಬಲವಂತದಿಂದ ಎಳೆಯಬಾರದು. ಫ್ಲ್ಯಾಶಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟಿರಬಹುದಾದ್ದರಿಂದ, ಕ್ಯಾಮೆರಾ ಬಿಚ್ಚುವ ಕೆಲಸವನ್ನು ತಂತ್ರಜ್ಞರಿಗೇ ಬಿಡುವುದು ಕ್ಷೇಮ.

ಸಾಕ್ಷ್ಯದ ದೃಷ್ಟಿಯಿಂದ

ಬ್ಯಾಟರಿ ಬಹುಕಾಲ ಇಲ್ಲದಿದ್ದರೆ ಕ್ಯಾಮೆರಾದ ಗಡಿಯಾರ ಆರಂಭದ ದಿನಾಂಕಕ್ಕೆ ಮರಳುತ್ತದೆ. ಸರಿಪಡಿಸದೆ ಹೊಸ ಚಿತ್ರ ತೆಗೆದರೆ ತಪ್ಪು ದಿನಾಂಕ ದಾಖಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಸಾಧನದ ವಿವರ ಹಾಗೂ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಆದುದರಿಂದ ಮೂಲ ಕಾರ್ಡನ್ನೂ ಕೆಟ್ಟ ಕ್ಯಾಮೆರಾವನ್ನೂ ವಿವಾದ ಮುಗಿಯುವವರೆಗೆ ಜೋಪಾನವಾಗಿಡುವುದು ವಿವೇಕ.

ಲೆಕ್ಕಪತ್ರದಲ್ಲಿ

ವ್ಯಾಪಾರಕ್ಕೆ ಬಳಸಿದ ಕ್ಯಾಮೆರಾದ ದುರಸ್ತಿ ವೆಚ್ಚ ಸಾಮಾನ್ಯವಾಗಿ ಆ ವರ್ಷದ ಕಂದಾಯ ವೆಚ್ಚವೇ ಆಗುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕ್ಯಾಮೆರಾ ಯಂತ್ರೋಪಕರಣಗಳ ಸಮೂಹಕ್ಕೆ ಸೇರಿರುತ್ತದೆ. ಅದು ಕೆಟ್ಟಿತೆಂಬ ಕಾರಣಕ್ಕೆ ಉಳಿದ ಮೌಲ್ಯವನ್ನು ಒಮ್ಮೆಗೇ ನಷ್ಟವೆಂದು ಕಳೆಯುವಂತಿಲ್ಲ. ಮಾರಿದರೆ ಬಂದ ಹಣವನ್ನಷ್ಟೇ ಸಮೂಹದ ಮೌಲ್ಯದಿಂದ ಕಳೆಯಬೇಕು. ಹೀಗಾಗಿ ಅವಸರದಲ್ಲಿ ಎಸೆಯುವುದರಿಂದ ತೆರಿಗೆಯ ಲಾಭವೂ ಇಲ್ಲ. ದಾಖಲೆ ಕಳೆದುಕೊಳ್ಳುವ ಅಪಾಯ ಮಾತ್ರ ಉಂಟು.