ಮೈಸೂರಿನ ದೊರೆ, ಲಂಡನ್ನಿನ ವಾದ್ಯವೃಂದ ಮತ್ತು ಹಿಮ್ಮೇಳದ ಕಿವಿ

ಎಡನೀರಿನಲ್ಲಿ ಆಟವಿರುವ ದಿನ ಕೇಳಿ ಬಡಿದರೆ ಆ ಸದ್ದು ಮಧುವಾಹಿನಿ ಹೊಳೆಯನ್ನು ದಾಟಿ ಸುತ್ತಣ ಮನೆಗಳನ್ನು ತಲುಪುತ್ತದೆ. ಚೆಂಡೆ, ಮದ್ದಳೆ, ಚಕ್ರತಾಳ, ಭಾಗವತರ ಕೈಯ ಜಾಗಟೆ, ಹಿಂದೆ ನಿಂತ ಶ್ರುತಿ: ತೆಂಕುತಿಟ್ಟಿನ ಹಿಮ್ಮೇಳವೆಂದರೆ ಇಷ್ಟೇ. ನಾಲ್ಕೈದು ಜನರ ಈ ಕೂಟ ಇರುಳಿಡೀ ರಂಗಸ್ಥಳವನ್ನು ಹೊತ್ತು ನಿಲ್ಲುತ್ತದೆ. ಇಂಥ ನಾದವನ್ನು ಬಾಲ್ಯದಿಂದ ಕೇಳಿ ಬೆಳೆದ ಕಿವಿಗೆ ಪಾಶ್ಚಾತ್ಯರ ವಾದ್ಯವೃಂದ ಮೊದಲ ಬಾರಿಗೆ ಕೇಳಿಸಿದಾಗ ಗದ್ದಲವೆಂದೇ ಅನ್ನಿಸುವುದುಂಟು. ಎಂಬತ್ತು ತೊಂಬತ್ತು ಜನ ಒಟ್ಟಿಗೆ ನುಡಿಸುತ್ತಿದ್ದಾರೆ, ಆದರೆ ರಾಗವೆಲ್ಲಿ, ಶ್ರುತಿಯೆಲ್ಲಿ ಎಂಬ ತಬ್ಬಿಬ್ಬು ಸಹಜವಾದುದು. ಆ ಸಂಗೀತವನ್ನು ತನ್ನ ಜೀವದಂತೆ ಪ್ರೀತಿಸಿದ ಕನ್ನಡನಾಡಿನ ದೊರೆಯೊಬ್ಬರ ಕಥೆಯನ್ನು ಅರಿಯುವ ಮೊದಲು ಈ ತಬ್ಬಿಬ್ಬಿನ ಕಾರಣವನ್ನು ತಿಳಿಯುವುದು ಲೇಸು.

'ಮೇಳ' ಎಂಬ ಪದದಿಂದಲೇ ಆರಂಭಿಸಬಹುದು. ಕನ್ನಡದಲ್ಲಿ ಅದು ಆಟದ ತಂಡ. ಹಿಮ್ಮೇಳ ಮುಮ್ಮೇಳಗಳೆಂದು ಒಡೆದರೆ ನುಡಿಸುವವರೂ ಕುಣಿಯುವವರೂ ಬೇರೆಬೇರೆಯಾಗುತ್ತಾರೆ. ಕರ್ನಾಟಕ ಸಂಗೀತಶಾಸ್ತ್ರದಲ್ಲಿ ಅದು ರಾಗಗಳ ಮೂಲವಾದ ಸ್ವರವ್ಯವಸ್ಥೆ. ನೆರೆಯ ಮಲಯಾಳದಲ್ಲಿ ಮೇಳವೆಂದರೆ ಉತ್ಸವದ ಚೆಂಡೆಗಳ ಸಮೂಹ. ಮರಾಠಿಯಲ್ಲಿ 'ಮೇಳ' ಎಂದರೆ ಹೊಂದಾಣಿಕೆ. ಎರಡು ಸಂಗತಿಗಳು ಪರಸ್ಪರ ಕೂಡಿಬಂದರೆ ಮೇಳ ಕುಳಿತಿತು ಎನ್ನುವುದು ಆ ಭಾಷೆಯ ರೂಢಿ. ಕನ್ನಡದ 'ಮೇಳೈಸು' ಎಂಬ ಕ್ರಿಯಾಪದದಲ್ಲಿಯೂ ಈ ಅರ್ಥ ಉಳಿದಿದೆ. ಪಾಶ್ಚಾತ್ಯ ವಾದ್ಯವೃಂದದ ಮರ್ಮವನ್ನು ಸೂಚಿಸಲು ಈ ಕೊನೆಯ ಅರ್ಥವೇ ಹೆಚ್ಚು ಹತ್ತಿರವಾದುದು. ಅಲ್ಲಿ ಒಂದೇ ಕ್ಷಣದಲ್ಲಿ ಬೇರೆಬೇರೆ ಸ್ವರಗಳು ಹೊರಡುತ್ತವೆ. ಅವು ಒಂದರೊಡನೊಂದು ಮೇಳೈಸುವ ಅಥವಾ ಮೇಳೈಸಲು ಒಲ್ಲದಿರುವ ಬಗೆಯೇ ಆ ಸಂಗೀತದ ಕಥಾವಸ್ತು. ನಮ್ಮ ಸಂಗೀತದಲ್ಲಿ ಸ್ವರವು ಮುಂದಿನ ಸ್ವರದೊಡನೆ ಸಂಬಂಧ ಬೆಳೆಸುತ್ತದೆ. ಅಲ್ಲಿ ಅದರ ಜೊತೆಗೆ ಪಕ್ಕದ ಸ್ವರದೊಡನೆಯೂ ಸಂಬಂಧ ಬೆಳೆಸಬೇಕಾಗುತ್ತದೆ. ಒಂದು ಎಳೆಯ ಜಾಡನ್ನು ಹಿಡಿದು ಸಾಗುವ ಅಭ್ಯಾಸವುಳ್ಳ ಕಿವಿ ಅಲ್ಲಿ ನೇಯ್ದ ಬಟ್ಟೆಯನ್ನು ಕಾಣಬೇಕಾಗುತ್ತದೆ.

ವಾದ್ಯಗಳ ವಿಂಗಡಣೆ ಸುಲಭ: ಪಿಟೀಲಿನ ಕುಲದ ತಂತಿವಾದ್ಯಗಳು, ಕೊಳಲು ಓಬೋ ಮುಂತಾದ ಸುಷಿರವಾದ್ಯಗಳು, ಹಾರ್ನ್ ಟ್ರಂಪೆಟ್ಟುಗಳಂಥ ಹಿತ್ತಾಳೆಯ ವಾದ್ಯಗಳು, ಮತ್ತು ತಾಡಿಸಿ ನುಡಿಸುವವು. ಎದುರಿಗೆ ನಿಂತ ನಿರ್ವಾಹಕನು ಒಂದು ಸ್ವರವನ್ನೂ ನುಡಿಸುವುದಿಲ್ಲ; ಆದರೂ ಎಲ್ಲವೂ ಅವನ ಕೈಯಲ್ಲಿದೆ. ಭಾಗವತರನ್ನು ಮೊದಲನೆಯ ವೇಷಧಾರಿ ಎಂದು ಕರೆಯುವ ನಮ್ಮ ಊರುಗಳವರಿಗೆ ಈ ಅಧಿಕಾರವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಭಾಗವತರು ವೇಷಧಾರಿಯ ಉತ್ಸಾಹವನ್ನು ನೋಡಿ ಪದ್ಯವನ್ನು ಹಿಗ್ಗಿಸಬಲ್ಲರು, ಕುಗ್ಗಿಸಬಲ್ಲರು, ಅಲ್ಲಿ ಪ್ರತಿಯೊಂದು ಸ್ವರವೂ ರಚನಕಾರನ ಹಾಳೆಯಲ್ಲಿ ಮೊದಲೇ ಬರೆದಿರುತ್ತದೆ. ನೂರಾರು ಜನ ಕೂಡಿ ನುಡಿಸಲು ಬರಹ ಬೇಕೇಬೇಕೆಂದಲ್ಲ. ತ್ರಿಶೂರಿನ ಪೂರಂ ಉತ್ಸವದ ಇಲಞ್ಞಿತ್ತರ ಮೇಳದಲ್ಲಿ ಇನ್ನೂರಕ್ಕೂ ಮಿಕ್ಕಿದ ವಾದಕರು ಹಾಳೆಯಿಲ್ಲದೆ ಎರಡು ಗಂಟೆಗಳ ಕಾಲ ಒಂದೇ ಉಸಿರಿನಂತೆ ನಡೆಯುತ್ತಾರೆ. ಆದರೆ ಅಲ್ಲಿ ಕಟ್ಟುವುದು ಲಯವನ್ನು. ಸ್ವರಗಳ ಮಹಲನ್ನು ಕಟ್ಟಬೇಕಾದಾಗ ಬರಹ ಅನಿವಾರ್ಯ.

ಇನ್ನು ಮೈಸೂರಿನ ಮಾತು. ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಅಕ್ಕಪಕ್ಕದಲ್ಲಿ ಬೆಳೆದಿದ್ದವು. ಜರ್ಮನಿಯಿಂದ ಬಂದ ಒಟ್ಟೊ ಶ್ಮಿತ್ ಅರಮನೆಯ ಬ್ಯಾಂಡನ್ನು ನಡೆಸುತ್ತಿದ್ದರು. ವೀಣೆಯ ವೆಂಕಟಗಿರಿಯಪ್ಪನವರು ವೃಂದವಾದನಕ್ಕೆಂದೇ 'ನಗ್ಮಾ'ಗಳನ್ನು ರಚಿಸುತ್ತಿದ್ದರು. (ಸಂಸ್ಥಾನಗಳಲ್ಲಿ ಇಂಥ ಪ್ರಯೋಗ ಅಪರೂಪವಾಗಿರಲಿಲ್ಲ. ಮೈಹರದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರು ಅನಾಥ ಮಕ್ಕಳನ್ನು ಕೂಡಿಸಿ ವಾದ್ಯವೃಂದವನ್ನು ಕಟ್ಟಿದ್ದು ಅದೇ ಶತಮಾನದ ಆರಂಭದ ಮಾತು.) ಈ ವಾತಾವರಣದಲ್ಲಿ ಪಿಯಾನೋ ಕಲಿತ ರಾಜಕುಮಾರನಿಗೆ ಕಛೇರಿಯ ಕಲಾವಿದನಾಗುವ ಹಂಬಲವಿತ್ತು. 1940ರ ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನೂ ಹೋದರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಸಿಂಹಾಸನವೇರಿದರು. ಕಛೇರಿಯ ಕನಸು ಅಲ್ಲಿಗೆ ಮುಗಿಯಿತು. ಸಿಂಹಾಸನವು ವರವೆಂದೇ ತಿಳಿಯುವವರು ಈ ಒಂದು ವರ್ಷವನ್ನು ನೆನೆಯುವುದು ಒಳ್ಳೆಯದು.

ನುಡಿಸಲಾರದವರು ಕೇಳುಗರಾದರು. ಅರಮನೆಯಲ್ಲಿ ಕೂಡಿದ ಧ್ವನಿಮುದ್ರಿಕೆಗಳ ಸಂಖ್ಯೆಯನ್ನು ಸುಮಾರು 20,000 ಎಂದು ಅಂದಾಜಿಸಲಾಗಿತ್ತು. ಇಷ್ಟು ಕೇಳಿದವರಿಗೆ ಮಾತ್ರ ಗೊತ್ತಾಗುವ ಒಂದು ಕೊರತೆ ಅವರಿಗೆ ಗೊತ್ತಾಯಿತು: ಅಂಗಡಿಗಳಲ್ಲಿ ದೊರೆಯುವುದು ಜನಪ್ರಿಯವಾದುದು ಮಾತ್ರ, ಒಳ್ಳೆಯದಾಗಿಯೂ ಯಾರೂ ಮುದ್ರಿಸದ ಕೃತಿಗಳು ಎಷ್ಟೋ ಇವೆ. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿ, ಬಹುಮಟ್ಟಿಗೆ ಮರೆತುಹೋಗಿದ್ದ ನಿಕೊಲಾಯ್ ಮೆಟ್ನರ್ ಅಂಥವರಲ್ಲೊಬ್ಬರು. ಮಹಾರಾಜರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ವೃದ್ಧರೂ ಹೃದ್ರೋಗಿಯೂ ಆಗಿದ್ದ ಆ ರಚನಕಾರರು 1940ರ ದಶಕದ ಕೊನೆಯ ವರ್ಷಗಳಲ್ಲಿ ತಮ್ಮ ಮೂರೂ ಪಿಯಾನೋ ಕನ್ಚರ್ಟೊಗಳನ್ನು ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಾವೇ ನುಡಿಸಿ ಮುದ್ರಿಸಿದರು. ಮೂರನೆಯ ಕನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಗಳ ನಾದ ಲೋಕಕ್ಕೆ ಉಳಿಯುತ್ತಿರಲಿಲ್ಲ.

ಈ ಫಿಲ್ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದವರು ಧ್ವನಿಮುದ್ರಣ ಸಂಸ್ಥೆಯಲ್ಲಿದ್ದ ವಾಲ್ಟರ್ ಲೆಗ್. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವನ್ನು ಮೈಸೂರು ನೀಡಿತೆಂದು ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆ ನೆರವಿನಲ್ಲಿಯೇ 1949ರಲ್ಲಿ ಹೆರ್ಬರ್ಟ್ ಫಾನ್ ಕರಾಯನ್ನರ ನಿರ್ವಹಣೆಯಲ್ಲಿ ಬಾಲಾಕಿರೆಫ್, ರೂಸೆಲ್, ಬಾರ್ಟಾಕರ ಕೃತಿಗಳು ಮುದ್ರಣಗೊಂಡವು. ಇವುಗಳಲ್ಲಿ ಬೇಲಾ ಬಾರ್ಟಾಕರ 1936ರ ರಚನೆ, 'ತಂತಿವಾದ್ಯ, ತಾಳವಾದ್ಯ ಮತ್ತು ಚೆಲೆಸ್ಟಾಗಳಿಗಾಗಿ ಸಂಗೀತ', ಹಿಮ್ಮೇಳದ ಕಿವಿಗೆ ಇಪ್ಪತ್ತನೆಯ ಶತಮಾನದ ವಾದ್ಯವೃಂದದೊಳಗೆ ಹೊಗಲು ತಕ್ಕ ಬಾಗಿಲು. ಅನೇಕರು ಸುಲಭವೆಂದು ಸೂಚಿಸುವ ಇಂಪಾದ ಕೃತಿಗಳಿಗಿಂತ ಇದೇ ಮೇಲು.

ಕಾರಣ ಹೀಗಿದೆ. ಬಾರ್ಟಾಕ್ ಹಂಗೆರಿ, ರುಮೇನಿಯಗಳ ಹಳ್ಳಿಗಳಲ್ಲಿ ಫೋನೋಗ್ರಾಫನ್ನು ಹೊತ್ತು ತಿರುಗಿ ಜನಪದ ಗೀತಗಳನ್ನು ಸಂಗ್ರಹಿಸಿದವರು. ಜಾನಪದವನ್ನು ಪಠ್ಯವಾಗಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಆ ಶ್ರಮದ ಪರಿಚಯವಿದ್ದೇ ಇದೆ. ಸಂಗ್ರಹಿಸಿದ್ದನ್ನು ಅವರು ಅಲಂಕಾರವಾಗಿ ಅಂಟಿಸಲಿಲ್ಲ. ಅದರ ಲಯವನ್ನೂ ಬಿರುಸನ್ನೂ ತಮ್ಮದಾಗಿಸಿಕೊಂಡರು. ಈ ಕೃತಿಯಲ್ಲಿ ತಂತಿವಾದ್ಯಗಳು ಎರಡು ಪಂಗಡಗಳಾಗಿ ವೇದಿಕೆಯ ಇಬ್ಬದಿಗಳಲ್ಲಿ ಕೂರುತ್ತವೆ. ನಡುವೆ ಪಿಯಾನೋ, ಹಾರ್ಪ್, ಜೈಲೋಫೋನ್, ನಗಾರಿಗಳು. ಮೊದಲ ಭಾಗವು ಒಂದೇ ಒಂದು ಎಳೆಯಿಂದ, ಪಿಸುಮಾತಿನಲ್ಲಿ ತೊಡಗುತ್ತದೆ. ಅದೇ ಎಳೆಯನ್ನು ಇನ್ನೊಂದು ವಾದ್ಯ ಬೇರೆ ಸ್ಥಾಯಿಯಲ್ಲಿ ಹಿಡಿಯುತ್ತದೆ, ಬಳಿಕ ಮತ್ತೊಂದು. ಒಂದೆಳೆಗೆ ಒಗ್ಗಿದ ಕಿವಿ ತನಗರಿಯದಂತೆಯೇ ಎರಡನ್ನು, ಮೂರನ್ನು ಹಿಡಿಯಲು ಕಲಿಯುತ್ತದೆ. ಸದ್ದು ಏರಿ ಏರಿ ತುದಿಯನ್ನು ಮುಟ್ಟಿ ಮತ್ತೆ ಪಿಸುಮಾತಿಗೆ ಇಳಿಯುತ್ತದೆ.

ಮೂರನೆಯ ಭಾಗದ ಆರಂಭ ಇನ್ನೂ ಸ್ವಾರಸ್ಯಕರ. ಜೈಲೋಫೋನೊಂದು ಒಂದೇ ಸ್ವರವನ್ನು ತಟ್ಟುತ್ತದೆ: ಮೊದಲು ಬಿಡಿಬಿಡಿಯಾಗಿ, ಆಮೇಲೆ ಒತ್ತೊತ್ತಾಗಿ, ಪುನಃ ಬಿಡಿಬಿಡಿಯಾಗಿ. ರಾಗವಿಲ್ಲ, ಸಾಹಿತ್ಯವಿಲ್ಲ, ವೇಗದ ಏರಿಳಿತವೊಂದೇ ಅರ್ಥ. ವೇಷವು ತೆರೆಯ ಮರೆಯಿಂದ ಹೊರಬರುವ ಮುನ್ನ ಚೆಂಡೆಯ ಪೆಟ್ಟುಗಳು ಬಿಡಿಯಾಗಿ ಬಿದ್ದು ಕ್ರಮೇಣ ಒತ್ತಾಗುವುದನ್ನು ಕೇಳಿದವರಿಗೆ ಈ ಭಾಷೆ ಪರಕೀಯವಲ್ಲ. ಕೊನೆಯ ಭಾಗದಲ್ಲಿ ಎಂಟು ಮಾತ್ರೆಗಳನ್ನು ನಾಲ್ಕು ನಾಲ್ಕಾಗಿ ಒಡೆಯದೆ 2, 3, 3 ಎಂದು ಒಡೆದ ಬಲ್ಗೇರಿಯದ ಲಯ ಬರುತ್ತದೆ. ಯೂರೋಪಿನ ನಗರಗಳ ಕೇಳುಗರು ಇಲ್ಲಿ ಎಡವಿದರೆ ಆಶ್ಚರ್ಯವಿಲ್ಲ. ಝಂಪೆ ತ್ರಿವುಡೆಗಳಿಗೆ ತಲೆದೂಗುವವರು ಎಡವಬೇಕಾದುದಿಲ್ಲ.

ಮಹಾರಾಜರ ಹೆಸರು ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಹೆಚ್ಚಾಗಿ ಕಾಣಿಸುವುದು ಮಾತ್ರ ಬಾರ್ಟಾಕರ ಸಂಗಡವಲ್ಲ, ರಿಚರ್ಡ್ ಸ್ಟ್ರಾಸರ ಸಂಗಡ. ಜರ್ಮನಿಯ ಈ ರಚನಕಾರರು 1948ರಲ್ಲಿ, ಎಂಬತ್ತಮೂರು ಎಂಬತ್ತನಾಲ್ಕರ ವಯಸ್ಸಿನಲ್ಲಿ, ವಾದ್ಯವೃಂದದೊಡನೆ ಸ್ತ್ರೀಕಂಠ ಹಾಡಬೇಕಾದ ನಾಲ್ಕು ಗೀತಗಳನ್ನು ರಚಿಸಿದರು. ಒಂದು ಐಖೆನ್‌ಡೋರ್ಫ್ ಕವಿಯದು, ಮೂರು ಹರ್ಮನ್ ಹೆಸ್ಸೆಯವರವು. 1949ರ ಸೆಪ್ಟೆಂಬರ್ 8ರಂದು ಅವರು ನಿಧನರಾದರು. 'ನಾಲ್ಕು ಕೊನೆಯ ಗೀತಗಳು' ಎಂಬ ಹೆಸರು ಪ್ರಕಾಶಕರು ಕೊಟ್ಟದ್ದು. ತಾವು ಕೊನೆಯದನ್ನು ಬರೆಯುತ್ತಿದ್ದೇವೆಂದು ಸ್ಟ್ರಾಸ್ ಎಲ್ಲಿಯೂ ಸಾರಿರಲಿಲ್ಲ. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇವನ್ನು ಹಾಡಬೇಕೆಂಬುದು ಅವರ ಇಚ್ಛೆಯಾಗಿತ್ತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆಕೆಯ ಕಂಠ, ಫುರ್ಟ್‌ವೆಂಗ್ಲರರ ನಿರ್ವಹಣೆ, ಫಿಲ್ಹಾರ್ಮೋನಿಯಾದ ವಾದನದಲ್ಲಿ ಅವು ಮೊದಲ ಬಾರಿಗೆ ಕೇಳಿಬಂದವು. 4,800 ಡಾಲರುಗಳ ಹೊಣೆ ಹೊತ್ತು ಅದನ್ನು ಸಾಧ್ಯವಾಗಿಸಿದವರು ಜಯಚಾಮರಾಜ ಒಡೆಯರು.

ಭಾರತವು ಗಣರಾಜ್ಯವಾಗಿ ಆಗ ನಾಲ್ಕು ತಿಂಗಳು ತುಂಬುತ್ತಿತ್ತು. ದೊರೆತನ ಕಳೆದು ರಾಜಪ್ರಮುಖರಾಗಿದ್ದ ಅವರು ಆ ಸಂಜೆ ಲಂಡನ್ನಿನಲ್ಲಿರಲಿಲ್ಲ. ಕಾರ್ಯಕ್ರಮವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಅವರ ಕೋರಿಕೆಯಾಗಿತ್ತು. ಆ ದಿನದ ಮುದ್ರಣ ಇಂದಿಗೂ ಉಳಿದಿದೆ; ಕರಕರ ಸದ್ದಿನ ಹಿಂದೆ, ಪರದೆಯಾಚೆಯ ದೀಪದಂತೆ, ಹಾಡು ಕೇಳಿಸುತ್ತದೆ. ಹಣವಿದ್ದವರು ಕಲೆಗೆ ಕೊಡುವುದು ಹೊಸತಲ್ಲ. ಆದರೆ ಕೊಟ್ಟವರೇ ಆ ಸಭೆಯಲ್ಲಿಲ್ಲದೆ, ಮಸುಕಾದ ಪ್ರತಿಯೊಂದಕ್ಕಾಗಿ ಕಾದು ಕುಳಿತ ಉದಾಹರಣೆಗಳು ಕಡಿಮೆ. ಅಲ್ಲದೆ ಒಂದು ಸಂಸ್ಥಾನದ ಸಂಪತ್ತು ದೂರದ ನಗರದ ವಾದ್ಯವೃಂದಕ್ಕೆ ಹೋಗಬೇಕಿತ್ತೇ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಅದೇ ಮಹಾರಾಜರು ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರನ್ನು ಆಶ್ರಯಿಸಿ, 'ಶ್ರೀವಿದ್ಯಾ' ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರೆಂಬುದನ್ನು ಉತ್ತರದ ಒಂದು ಭಾಗವಾಗಿ ಹೇಳಬಹುದು. ಆ ಕೃತಿಗಳು ಅಪ್ಪಟ ಕರ್ನಾಟಕ ಸಂಪ್ರದಾಯದವು. ಎರಡು ಸಂಗೀತಗಳನ್ನೂ ಬಲ್ಲವರು ಎರಡನ್ನೂ ಬೆರಸುವ ಆತುರ ತೋರಲಿಲ್ಲ. ಇಂದಿನ ಬೆರಕೆಯ ಉತ್ಸಾಹಿಗಳು ಈ ಸಂಯಮವನ್ನು ಗಮನಿಸಬೇಕು.

ಕಾಸರಗೋಡಿನವರಿಗೆ ಮೈಸೂರು ದೂರದ್ದೆನಿಸಬಹುದು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೆ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ಅಂದೇ ಈ ನೆಲ ಕೇರಳಕ್ಕೆ ಸೇರಿತು. ಆದರೂ ಒಂದು ಎಳೆ ಎರಡನ್ನೂ ಮುಟ್ಟುತ್ತದೆ. 1970ರಲ್ಲಿ ಮಾಜಿ ಅರಸರ ರಾಜಧನದ ಪರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದ ನಾನಿ ಪಾಲ್ಖೀವಾಲರೇ, ಎಡನೀರು ಮಠಾಧೀಶರಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದಲ್ಲಿಯೂ ವಾದಿಸಿದರು. ರಾಜಧನವು 1971ರ ತಿದ್ದುಪಡಿಯಿಂದ ರದ್ದಾಯಿತು. ಎಡನೀರಿನ ಪ್ರಕರಣದ ತೀರ್ಪು 1973ರ ಏಪ್ರಿಲ್ 24ರಂದು ಬಂದು ಸಂವಿಧಾನದ ಮೂಲಸ್ವರೂಪದ ತತ್ತ್ವವನ್ನು ನೆಲೆಗೊಳಿಸಿತು. ಸಂಗೀತಕ್ಕೂ ಇದಕ್ಕೂ ಸಂಬಂಧವಿಲ್ಲದಿಲ್ಲ. ಅರಮನೆಯ ವಾದ್ಯವೃಂದವೂ ಮಠದ ಆಶ್ರಯದ ಮೇಳವೂ ಭೂಮಿ ಕಾಣಿಕೆಗಳ ಹಳೆಯ ವ್ಯವಸ್ಥೆಯ ಮೇಲೆ ನಿಂತಿದ್ದವು. ಆ ವ್ಯವಸ್ಥೆ ಸರಿದಾಗ ಒಂದು ಮೌನವಾಗುತ್ತ ಬಂದಿತು. ಇನ್ನೊಂದು ಉಳಿಯಿತು; ಸ್ವತಃ ಗಾಯಕರಾಗಿದ್ದ, ಭಾಗವತಿಕೆಯನ್ನೂ ಬಲ್ಲ ಸ್ವಾಮೀಜಿಯವರ ಆಸಕ್ತಿ ಅದಕ್ಕೊಂದು ಕಾರಣ, ಊರವರು ಆಟವನ್ನು ತಮ್ಮದೆಂದು ಬಗೆದದ್ದು ಅದಕ್ಕಿಂತ ದೊಡ್ಡ ಕಾರಣ. ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಸ್ಟ್ರಾಸರ ಗೀತಗಳನ್ನು ಇಂದು ಮೊಬೈಲಿನಲ್ಲಿಯೇ ಕೇಳಬಹುದು. ನಾಲ್ಕಕ್ಕೂ ಸೇರಿ ಅರ್ಧ ಗಂಟೆಯೂ ಬೇಕಾಗದು. ನಿದ್ರೆಯನ್ನು ಕುರಿತ ಗೀತದ ನಡುವೆ ಹಾಡು ನಿಂತು ಒಂಟಿ ಪಿಟೀಲು ಮೇಲೇಳುತ್ತದೆ. 'ಸೆಪ್ಟೆಂಬರ್' ಎಂಬುದು ಹಾರ್ನ್‌ನ ನಾದದಲ್ಲಿ ಮುಗಿಯುತ್ತದೆ. ಸ್ಟ್ರಾಸರ ತಂದೆ ಹೆಸರಾಂತ ಹಾರ್ನ್ ವಾದಕರಾಗಿದ್ದರು. 'ಸಂಜೆಗೆಂಪಿನಲ್ಲಿ' ಎಂಬ ಗೀತದಲ್ಲಿ ಬಾಳನ್ನು ಜೊತೆಯಾಗಿ ಸವೆಸಿದ ಇಬ್ಬರು ಕಣಿವೆಯಂಚಿನಲ್ಲಿ ನಿಂತಿದ್ದಾರೆ, ಎರಡು ಬಾನಾಡಿಗಳು ಮೇಲೇರುತ್ತಿವೆ. ಕವಿತೆಯ ಕೊನೆಯ ಸಾಲು ಸಾವನ್ನು ಕುರಿತ ಒಂದು ಪ್ರಶ್ನೆ. ಮೂಲದಲ್ಲಿ 'ಅದು' ಎಂಬರ್ಥದ ಸರ್ವನಾಮವಿದ್ದ ಕಡೆ ಸ್ಟ್ರಾಸ್ 'ಇದು' ಎಂದು ತಿದ್ದಿಕೊಂಡರು. ದೂರದ್ದು ಹತ್ತಿರವಾಗಲು ಒಂದು ಅಕ್ಷರದ ಬದಲಾವಣೆ ಸಾಕೆಂಬುದು ವ್ಯಾಕರಣ ಓದಿದವರಿಗೆ ಹೊಸತೇನೂ ಅಲ್ಲ, ಆದರೂ ಇಲ್ಲಿ ಮೈ ನಡುಗುತ್ತದೆ. ಆ ಮಾತಿನ ಬೆನ್ನಿಗೇ ಹಾರ್ನ್ ಒಂದು ಎಳೆಯನ್ನು ನುಡಿಸುತ್ತದೆ. ಅದು ಸ್ಟ್ರಾಸ್ ತಮ್ಮ ಇಪ್ಪತ್ತರ ಹರೆಯದಲ್ಲಿ, ಆರು ದಶಕಗಳಷ್ಟು ಹಿಂದೆ, 'ಮೃತ್ಯು ಮತ್ತು ರೂಪಾಂತರ' ಎಂಬ ಕೃತಿಗಾಗಿ ಬರೆದದ್ದು. ಆಮೇಲೆ ಕಂಠವಿಲ್ಲ. ತಂತಿವಾದ್ಯಗಳು ಸ್ವರಗಳನ್ನು ನಿಧಾನವಾಗಿ ಹಾಸುತ್ತ ಹೋಗುತ್ತವೆ, ಅವುಗಳ ಮೇಲೆ ಎರಡು ಕೊಳಲುಗಳು ಹಕ್ಕಿಗಳಂತೆ ಕಂಪಿಸುತ್ತವೆ. ಅಷ್ಟು ಹೊತ್ತಿಗೆ ರಾಗವೆಲ್ಲಿ ಎಂದು ಹುಡುಕುತ್ತಿದ್ದ ಕಿವಿ ಹುಡುಕುವುದನ್ನು ಬಿಟ್ಟಿರುತ್ತದೆ.