ಕಿರಿಯ ಮೇಕೆಯ ಹಾಲಿನ ಲೆಕ್ಕ

ಮನೆಯ ಹಾಲೆಂದೊಡನೆ ನಮಗೆ ನೆನಪಾಗುವುದು ಹಸು, ಅನಂತರ ಎಮ್ಮೆ. ಮೇಕೆಯ ಸರದಿ ಬರುವುದು ಕಟ್ಟಕಡೆಗೆ. ಆದರೆ ಹಸುವನ್ನು ಕಟ್ಟಲು ಎಡೆಯಿಲ್ಲದ, ಅದರ ಮೇವಿಗೆ ಹಣವಿಲ್ಲದ ಸಂಸಾರಗಳು ಎಷ್ಟೋ ಇವೆ. ಅಂಥ ಮನೆಗೆ ಸಣ್ಣ ಹಾಲುಮೇಕೆ ನೆರವಾಗಬಲ್ಲುದೆ? ಆಗಬಲ್ಲುದು. ಆದರೆ ಮೇಕೆಯೆಂದರೆ ಕುಗ್ಗಿಸಿದ ಹಸುವಲ್ಲ. ಗಾತ್ರ ಬದಲಾದೊಡನೆ ಮೇವಿನ ಲೆಕ್ಕ, ಮರಿಯ ಆರೈಕೆ, ಕರೆಯುವ ಕ್ರಮ, ಹಾಲಿನ ನಡತೆ ಎಲ್ಲವೂ ಬದಲಾಗುತ್ತವೆ. ಇವುಗಳ ಕಾರಣವನ್ನು ಅರಿಯದವನ ಕೊಟ್ಟಿಗೆಯಲ್ಲಿ ಮರಿ ಸಾಯಬಹುದು. ಅವನ ಮನೆಯಲ್ಲಿ ಮಕ್ಕಳು ಜ್ವರದಿಂದ ಮಲಗಬಹುದು. ಆದುದರಿಂದ ಈ ಲೆಕ್ಕವನ್ನು ಮೊದಲಿನಿಂದ ನೋಡೋಣ.

ಉದಾಹರಣೆಗಾಗಿ ಬಾರ್ಬರಿ ತಳಿಯನ್ನು ತೆಗೆದುಕೊಳ್ಳಬಹುದು. ಉತ್ತರ ಪ್ರದೇಶದ ಮಥುರಾ, ಆಗ್ರಾ, ಅಲೀಗಢ, ಏಟಾ ಜಿಲ್ಲೆಗಳು ಇದರ ನೆಲೆ. ಆಫ್ರಿಕದ ಪೂರ್ವತೀರದ ಬರ್ಬೆರಾ ಎಂಬ ರೇವುಪಟ್ಟಣದಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ನಿಮಿರಿದ ಚಿಕ್ಕ ಕಿವಿ, ಬಿಳಿಯ ಮೈಯ ಮೇಲೆ ಕಂದು ಮಚ್ಚೆ, ಗಿಡ್ಡ ಕಾಲು. ಬೆಳೆದ ಹೆಣ್ಣಿನ ತೂಕ ಸುಮಾರು 25 ಕಿಲೋಗ್ರಾಂ. ಇದು ಅಡವಿಯನ್ನು ಅಲೆಯದೆ ಮನೆಯ ಬಾಗಿಲಲ್ಲೇ ಕಟ್ಟಿ ಮೇಯಿಸಲು ಒಗ್ಗುವ ಪ್ರಾಣಿ. ಮಥುರಾ ಜಿಲ್ಲೆಯ ಮಖ್ದೂಮ್‌ನಲ್ಲಿ 1979ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೇಕೆ ಸಂಶೋಧನ ಸಂಸ್ಥೆಯು ಈ ತಳಿಯನ್ನು ಅಭ್ಯಸಿಸಿದೆ. ನಮ್ಮ ನಾಡಿನ ನಂದಿದುರ್ಗ ಮತ್ತು ಬಿದರಿ ಮೇಕೆಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ಬಾರ್ಬರಿಯಾದರೋ ಒಳ್ಳೆಯ ಮೇವು ದೊರೆತರೆ ದಿನಕ್ಕೆ ಮುಕ್ಕಾಲರಿಂದ ಒಂದು ಲೀಟರಿನವರೆಗೆ ಹಾಲನ್ನೂ ಕೊಡುತ್ತದೆ.

ಇನ್ನು ಮೇವಿನ ಮಾತು. 400 ಕಿಲೋಗ್ರಾಂ ತೂಗುವ ಹಸುವು ನಮ್ಮ ಮೇಕೆಯ 16ರಷ್ಟು ತೂಕವುಳ್ಳದ್ದು. ಹಾಗಾದರೆ ಜೀವಧಾರಣೆಗೆ ಅದಕ್ಕೆ ಬೇಕಾಗುವ ಶಕ್ತಿಯೂ 16ರಷ್ಟೆ? ಅಲ್ಲ. ಪ್ರಾಣಿಯ ಶಕ್ತಿವ್ಯಯವು ಅದರ ತೂಕದ ಮುಕ್ಕಾಲು ಘಾತಕ್ಕೆ ಸರಿಸುಮಾರು ಅನುಪಾತದಲ್ಲಿರುವುದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿದನು. 16ರ ಮುಕ್ಕಾಲು ಘಾತ 8. ಎಂದರೆ ಹಸುವಿಗೆ ಬೇಕಾದುದು ಮೇಕೆಗಿಂತ ಎಂಟರಷ್ಟು ಮಾತ್ರ. ಒಂದು ಹಸುವಿನಷ್ಟೇ ತೂಗುವ 16 ಮೇಕೆಗಳನ್ನು ಸಾಕಿದರೆ ಜೀವಧಾರಣೆಗೇ ಇಮ್ಮಡಿ ಮೇವು ಖರ್ಚಾಗುವುದು. ಹೀಗೆ ನೋಡಿದರೆ ಮೇಕೆಯು ಮಿತವ್ಯಯದ ಯಂತ್ರವಲ್ಲ. ಆದರೆ ಬಡಸಂಸಾರದ ಪ್ರಶ್ನೆ ಬೇರೆ: ಹಸುವಿನ ಎಂಟನೆಯ ಒಂದು ಭಾಗವನ್ನು ಯಾರೂ ಕಟ್ಟಿ ಸಾಕಲಾರರು, ಮೇಕೆಯನ್ನು ಸಾಕಬಹುದು. ಕಿರಿಯ ಹೊಟ್ಟೆಯಲ್ಲಿ ಹೆಚ್ಚು ಶಕ್ತಿಯನ್ನು ತುಂಬಿಕೊಳ್ಳಬೇಕಾದ ಮೇಕೆಯು ಒಣಹುಲ್ಲಿಗಿಂತ ಎಳೆಯ ಸೊಪ್ಪನ್ನು ಆರಿಸಿ ತಿನ್ನುತ್ತದೆ. ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕಿದ್ದನ್ನು ಮೂಸಿಯೂ ನೋಡದು. ಆದುದರಿಂದ ಸೊಪ್ಪನ್ನು ಕಟ್ಟಿ ಮೇಲೆ ತೂಗುಹಾಕಬೇಕು.

ಒಂದಕ್ಕಿಂತ ಎರಡು ಮೇಕೆಗಳು ಲೇಸು. ಮೇಕೆಯು ಒಂಟಿಯಾಗಿರಲು ಬಯಸದೆಂಬುದು ಒಂದು ಕಾರಣ. ಹಾಲು ನಿಲ್ಲದಿರಲೆಂಬುದು ಇನ್ನೊಂದು. ಮೇಕೆಯು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬಾಲವನ್ನು ಅಲ್ಲಾಡಿಸುತ್ತ ಬಿಡದೆ ಅರಚುವುದೇ ಅದರ ಗುರುತು. ಗಬ್ಬದ ಅವಧಿ ಸುಮಾರು 150 ದಿನ. ಶೀತದೇಶಗಳ ಮೇಕೆಗಳು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಬೆದೆಗೆ ಬರುತ್ತವೆ. ನಮ್ಮ ಉಷ್ಣದೇಶದ ತಳಿಗಳಿಗೆ ಈ ಕಟ್ಟು ಅಷ್ಟಾಗಿ ಇಲ್ಲ. ಈದ ಮೂರು ತಿಂಗಳ ಮೇಲೆ ಮತ್ತೆ ಹೋತಕ್ಕೆ ಬಿಟ್ಟರೆ ಎಂಟು ತಿಂಗಳಿಗೊಮ್ಮೆ ಈಯುವುದಾಯಿತು. ಈಯುವ ಎರಡು ತಿಂಗಳ ಮೊದಲು ಕರೆಯುವುದನ್ನು ನಿಲ್ಲಿಸಬೇಕು. ಎರಡು ಮೇಕೆಗಳ ನಡುವೆ ನಾಲ್ಕು ತಿಂಗಳ ಅಂತರವಿರಿಸಿದರೆ ಎರಡೂ ಏಕಕಾಲದಲ್ಲಿ ಬತ್ತುವ ಸಂಭವವಿಲ್ಲ. ಇದಕ್ಕೆ ಬೇಕಾದುದು ಗೋಡೆಯ ಮೇಲಿನ ಒಂದು ಕ್ಯಾಲೆಂಡರು ಮಾತ್ರ. ಎರಡು ಮೇಕೆಗಳಿಗಾಗಿ ಹೋತವನ್ನು ಸಾಕಬೇಕಾಗಿಲ್ಲ. ಆದರೆ ಅದೇ ಹೋತದ ಮಗಳನ್ನು ಮತ್ತೆ ಅದರ ಬಳಿಗೇ ಒಯ್ಯಬಾರದು.

ಈದ ಮೊದಲ ಗಂಟೆಯು ಬಹಳ ಮುಖ್ಯವಾದುದು. ಬಾರ್ಬರಿಯು ಅನೇಕ ವೇಳೆ ಅವಳಿ ಮರಿಗಳನ್ನು ಈಯುತ್ತದೆ. ಒಂದೊಂದರ ತೂಕ ಎರಡು ಕಿಲೋಗ್ರಾಮನ್ನು ಮುಟ್ಟುವುದೂ ಕಷ್ಟ. ದೇಹವು ಕಿರಿದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚುತ್ತದೆ. ಪ್ರತಿ ಕಿಲೋಗ್ರಾಮಿಗೂ ಮರಿಯ ಹೊರಮೈ ತಾಯಿಯದಕ್ಕಿಂತ ಎರಡು ಪಟ್ಟಿಗೂ ಅಧಿಕ; ಶಾಖವು ಅಷ್ಟು ಬೇಗ ಸೋರಿಹೋಗುವುದು. ಅದರ ಮೇಲೆ ಮೈಯೆಲ್ಲ ಒದ್ದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿಗಳು ಬೇಕು. ಮೈಮೇಲಿನ ಹತ್ತೇ ಗ್ರಾಂ ನೀರು ಆರಲು ಬೇಕಾದ ಶಾಖವನ್ನೆಲ್ಲ ಮರಿಯ ದೇಹವೇ ಒದಗಿಸಬೇಕಾಗಿ ಬಂದರೆ ಅದರ ಉಷ್ಣತೆಯು ಮೂರು ಡಿಗ್ರಿಗಳಷ್ಟು ಇಳಿಯಬಹುದು. ತಾಯಿ ನೆಕ್ಕುವುದರ ಜೊತೆಗೆ ನಾವೂ ಒಣಬಟ್ಟೆಯಿಂದ ಒರಸಿ, ಗಾಳಿ ತಾಗದ ಒಣಹುಲ್ಲಿನ ಮೇಲೆ ಮಲಗಿಸಬೇಕೆಂಬುದು ಇದಕ್ಕಾಗಿಯೇ. ಗಿಣ್ಣದ ಹಾಲನ್ನೂ ಕೂಡಲೇ ಕುಡಿಸಬೇಕು. ಮೇಕೆಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ವಸ್ತುಗಳು ಮರಿಗೆ ದಾಟುವುದಿಲ್ಲ. ಅವು ದೊರೆಯುವುದು ಗಿಣ್ಣದಲ್ಲಿ. ಮರಿಯ ಕರುಳು ಅವನ್ನು ಹೀರಿಕೊಳ್ಳಬಲ್ಲುದು ಮೊದಲ ದಿನ ಮಾತ್ರ.

ಕರೆಯುವುದು ಒಂದು ಕೌಶಲ. ಮೇಕೆಯ ಕೆಚ್ಚಲಿಗೆ ಎರಡೇ ತೊಟ್ಟುಗಳು. ತೊಟ್ಟಿನ ತುದಿಯನ್ನು ಸ್ನಾಯುವಿನ ಬಳೆಯೊಂದು ಮುಚ್ಚಿರುತ್ತದೆ. ಒಳಗಿನ ಒತ್ತಡ ಹೆಚ್ಚಿದಾಗ ಅದು ತೆರೆಯುತ್ತದೆ. ಹೆಬ್ಬೆರಳು ತೋರುಬೆರಳುಗಳಿಂದ ತೊಟ್ಟಿನ ಬುಡವನ್ನು ಬಿಗಿದು, ಉಳಿದ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮುಚ್ಚಬೇಕು. ಬುಡವನ್ನು ಬಿಗಿಯದಿದ್ದರೆ ಹಾಲು ಮೇಲಕ್ಕೆ, ಕೆಚ್ಚಲಿಗೇ ಹಿಂದಿರುಗುವುದು. ಒತ್ತಡವು ದ್ರವದಲ್ಲಿ ಎಲ್ಲ ದಿಕ್ಕಿಗೂ ಹರಡುವುದೆಂಬ ಪಾಸ್ಕಲನ ನಿಯಮವೇ ಇಲ್ಲಿ ಕೆಲಸಮಾಡುವುದು; ತೊಟ್ಟನ್ನು ಹಿಡಿದೆಳೆಯುವುದರಿಂದ ಆಗುವುದು ನೋವು ಮಾತ್ರ. ಕರೆಯುವ ಮುನ್ನ ಕೈ ಕೆಚ್ಚಲುಗಳನ್ನು ತೊಳೆದು ಒರಸಿ, ಮೊದಲ ಒಂದೆರಡು ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಬೇಕು. ಅಲ್ಲಿ ಗರಣೆಗಳು ಕಂಡರೆ ಕೆಚ್ಚಲು ಬಾವಿನ ಸೂಚನೆ. ಆ ಹಾಲು ಬಳಕೆಗೆ ಯೋಗ್ಯವಲ್ಲ.

ಮೇಕೆಯ ಹಾಲು ನಾರುವುದೆಂದು ಅನೇಕರು ಮೂಗು ಮುರಿಯುತ್ತಾರೆ. ಅದರ ಕೊಬ್ಬಿನಲ್ಲಿ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಆಮ್ಲಗಳು ಹೆಚ್ಚಾಗಿರುವುದು ನಿಜ; ಲ್ಯಾಟಿನ್ ಭಾಷೆಯಲ್ಲಿ ಮೇಕೆಗಿರುವ ಹೆಸರಿನಿಂದಲೇ ಈ ಮೂರೂ ಹೆಸರು ಪಡೆದಿವೆ. ಆದರೆ ಕೊಬ್ಬಿನಲ್ಲಿ ಬಂಧಿತವಾಗಿರುವಾಗ ಇವು ನಾರುವುದಿಲ್ಲ. ಹಾಲು ಬೆಚ್ಚಗೇ ಉಳಿದು ಕುಲುಕಾಡಿದರೆ ಅದರಲ್ಲಿರುವ ಕಿಣ್ವವು ಇವನ್ನು ಬಿಡಿಸುತ್ತದೆ. ಸೋಸಿ ಒಡನೆಯೇ ಕಾಯಿಸಿದರೆ, ಹೋತವನ್ನು ದೂರ ಕಟ್ಟಿದರೆ, ವಾಸನೆಯ ದೂರು ಬಹುಮಟ್ಟಿಗೆ ಇಲ್ಲವಾಗುವುದು.

ಈ ಹಾಲನ್ನು ಹಸಿಯಾಗಿಯೇ ಇಟ್ಟರೆ ಕೆನೆ ಸುಲಭವಾಗಿ ಮೇಲೇಳದೆಂಬುದೂ ಪ್ರಸಿದ್ಧ. ಕೊಬ್ಬಿನ ಕಣಗಳು ಚಿಕ್ಕವಾಗಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಮೇಕೆಹಾಲಿನ ಕಣದ ಸರಾಸರಿ ವ್ಯಾಸವು ಸುಮಾರು 3 ಮೈಕ್ರೋಮೀಟರ್, ಹಸುವಿನದು ಅದಕ್ಕಿಂತ ತುಸು ದೊಡ್ಡದು. ಸ್ಟೋಕ್ಸನು 1851ರಲ್ಲಿ ಪ್ರಕಟಿಸಿದ ನಿಯಮದಂತೆ ಲೆಕ್ಕ ಹಾಕಿದರೆ 3 ಮೈಕ್ರೋಮೀಟರಿನ ಕಣವು ಗಂಟೆಗೆ ಒಂದು ಮಿಲಿಮೀಟರಿನಷ್ಟೂ ಏರದು. ಹಸುವಿನ ಹಾಲಿನ ಕಣಗಳೂ ಒಂಟಿಯಾಗಿದ್ದರೆ ರಾತ್ರಿಯೊಳಗೆ ಪಾತ್ರೆಯ ಮೇಲಕ್ಕೆ ಮುಟ್ಟಲಾರವು! ಹಸುವಿನ ಹಾಲಿನಲ್ಲಿ ಒಂದು ಪ್ರೋಟೀನು ತಂಪಿನಲ್ಲಿ ಕಣಗಳನ್ನು ಗೊಂಚಲುಗೊಂಚಲಾಗಿ ಅಂಟಿಸುತ್ತದೆ. ವೇಗವು ವ್ಯಾಸದ ವರ್ಗಕ್ಕೆ ಅನುಪಾತವಾದುದರಿಂದ ಹತ್ತುಪಟ್ಟು ಅಗಲದ ಗೊಂಚಲು ಸುಮಾರು ನೂರುಪಟ್ಟು ವೇಗವಾಗಿ ಏರುವುದು. ಮೇಕೆಯ ಹಾಲಿನಲ್ಲಿ ಈ ಅಂಟಿಸುವ ಗುಣವಿಲ್ಲ. ಅದಕ್ಕಾಗಿ ಬೆಣ್ಣೆ ಬೇಕಾದವರು ಹಾಲನ್ನು ಹೆಪ್ಪುಹಾಕಿ ಮೊಸರನ್ನೇ ಕಡೆಯುವುದು ಒಳಿತು.

ಕೊಬ್ಬಿನ ಕಣಕ್ಕಿಂತಲೂ ಕಿರಿದಾದ ಇನ್ನೊಂದು ವಸ್ತು ಹಾಲಿನಲ್ಲಿ ಅಡಗಿರಬಹುದು. ಅದರ ಕಥೆಯನ್ನು ಎಲ್ಲರೂ ತಿಳಿದಿರಬೇಕು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಅದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದನು. ಆದರೆ ಅದು ಬರುವುದೆಲ್ಲಿಂದ? 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲೀಸ್ ಝಮ್ಮಿಟ್ ಮೇಕೆಗಳ ರಕ್ತವನ್ನು ಪರೀಕ್ಷಿಸಿ ರೋಗದ ಮೂಲವನ್ನು ತೋರಿಸಿದನು. ನೋಡಲು ಆರೋಗ್ಯವಾಗಿದ್ದ ಮೇಕೆಗಳ ಹಾಲಿನಲ್ಲಿಯೇ ಆ ಬ್ಯಾಕ್ಟೀರಿಯಗಳಿದ್ದುವು. 1906ರಲ್ಲಿ ಸೈನಿಕರಿಗೆ ಮೇಕೆಹಾಲನ್ನು ನಿಲ್ಲಿಸಲು, ಅವರಲ್ಲಿ ಜ್ವರವು ಥಟ್ಟನೆ ಇಳಿಮುಖವಾಯಿತು. ಬ್ರೂಸೆಲ್ಲೋಸಿಸ್ ಎಂಬ ಈ ರೋಗವು ನಮ್ಮ ದೇಶದಲ್ಲಿಯೂ ಇದೆ.

ಮೇಕೆಯು ಲವಲವಿಕೆಯಿಂದ ಜಿಗಿಯುತ್ತಿದೆಯೆಂಬುದು ಹಾಲಿನ ಶುದ್ಧಿಗೆ ಸಾಕ್ಷಿಯಲ್ಲವೆಂದಾಯಿತು. ಹಾಲನ್ನು ಕುದಿಸಿಯೇ ಕುಡಿಯಬೇಕು. ಕುದಿತವು ಈ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಹಸಿಹಾಲೇ ಶ್ರೇಷ್ಠವೆಂಬ ಮಾತಿಗೆ ಕಿವಿಗೊಡಬಾರದು. ರೋಗವು ಮಾಸು ಮತ್ತು ಈಯುವಾಗಿನ ದ್ರವಗಳಿಂದಲೂ ಅಂಟುವುದು. ಆದುದರಿಂದ ಈಯಿಸುವಾಗ ಕೈಗವಸು ತೊಡಬೇಕು, ಮಾಸನ್ನು ಆಳವಾಗಿ ಹೂಳಬೇಕು. ಗಬ್ಬದ ಮೇಕೆಯು ಕಂದುಹಾಕಿದರೆ ಪಶುವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಹಾಲೂಡಿಸುವ ತಾಯಂದಿರ ಮನೆಗಳಿಗೆ ಇನ್ನೊಂದು ಮಾತು. ಮೇಕೆಯ ಹಾಲು ಎದೆಹಾಲಿಗೆ ಸಮವೆಂಬ ನಂಬಿಕೆ ಹಲವೆಡೆ ಇದೆ. ಅದರಲ್ಲಿ ಫೋಲಿಕ್ ಆಮ್ಲವೆಂಬ ಜೀವಸತ್ವ ಅತ್ಯಲ್ಪ. ಅದೊಂದನ್ನೇ ಕುಡಿದು ಬೆಳೆದ ಹಸುಗೂಸುಗಳಿಗೆ ರಕ್ತಹೀನತೆ ಉಂಟಾದುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಹಸುವಿನ ಹಾಲು ಒಗ್ಗದ ಮಗುವಿಗೆ ಮೇಕೆಯದೂ ಒಗ್ಗದಿರಬಹುದು, ಏಕೆಂದರೆ ಎರಡರ ಪ್ರೋಟೀನುಗಳೂ ಬಹಳ ಹೋಲುತ್ತವೆ. ವರ್ಷ ತುಂಬದ ಕೂಸಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡಲಾಗದು. ಅನ್ನ, ಬೇಳೆ, ಸೊಪ್ಪುಗಳನ್ನು ಉಣ್ಣುವ ದೊಡ್ಡ ಮಕ್ಕಳಿಗಾದರೋ ಹಿತ್ತಲಿನ ಮೇಕೆಯಿಂದ ಕರೆದು ಕುದಿಸಿದ ಒಂದು ಲೋಟ ಹಾಲು ಒಳ್ಳೆಯ ಪುಷ್ಟಿಯೇ ಸರಿ.