ಹಳೆಯ ಕಾರಿನ ತಳಕ್ಕೆ ಹೊಸ ಚಾನಲ್ಲು

2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಳದ ತಗಡೂ ಅದಕ್ಕೆ ಬೆಸೆದ ಉಕ್ಕಿನ ಚಾನಲ್ಲುಗಳೂ ಕೂಡಿಯೇ ಅದರ ಬೆನ್ನೆಲುಬು. ಆದುದರಿಂದ ತುಕ್ಕು ತಿಂದ ಚಾನಲ್ಲನ್ನು ಬದಲಿಸುವುದು ತೇಪೆ ಹಚ್ಚುವಷ್ಟು ಸುಲಭವಲ್ಲ.

ದಿವಂಗತ ತಂದೆಯವರ ಕಾರಿನಲ್ಲಿ ನಾನು ಈ ಪಾಠ ಕಲಿತೆ. ಹಲವು ವರ್ಷಗಳ ಜಾಕಿನ ಪೆಟ್ಟಿನಿಂದ ತಳ ಉಬ್ಬುತಗ್ಗಾಗಿತ್ತು. ಹೊಸ ಚಾನಲ್ಲು ನೇರವಾಗಿತ್ತು. ನಡುವಿನ ಸಂದು ಮುಚ್ಚಲೆಂದು ಬಲವಾಗಿ ಒತ್ತಿ ಬೆಸುಗೆ ಹಾಕಿದೆ. ಜಾಕು ಇಳಿಸಿದಾಗ ಬಾಗಿಲು ಮುಚ್ಚಲಿಲ್ಲ. ಎಲ್ಲವನ್ನೂ ಬಿಚ್ಚಬೇಕಾಯಿತು.

ಎರಡನೆಯ ಸಲ ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಸಮನಾಗಿ ನಿಲ್ಲಿಸಿ, ಬಾಗಿಲ ಚೌಕಟ್ಟುಗಳಿಗೆ ಅಡ್ಡಪಟ್ಟಿ ಬಿಗಿದೆ. ಅಳತೆಯನ್ನು ಡೊಂಕು ತಗಡಿನಿಂದ ಹಿಡಿಯದೆ ಸಸ್ಪೆನ್ಷನ್ನಿನ ಬೋಲ್ಟು ರಂಧ್ರಗಳಿಂದ ಹಿಡಿದು, ಎರಡು ಕರ್ಣಗಳನ್ನೂ ಸಮಗೊಳಿಸಿದೆ. ಬಳಿಕ ಚಾನಲ್ಲಿನ ಅಂಚಿಗೆ ಸೀಮೆಸುಣ್ಣ ಬಳಿದು ತಳಕ್ಕೆ ಹಿಡಿದೆ. ಬಿಳುಪು ಅಂಟಿದ ಉಬ್ಬುಗಳನ್ನು ಮೇಲಕ್ಕೂ, ಅಂಟದ ತಗ್ಗುಗಳನ್ನು ಒಳಗಿನಿಂದ ಕೆಳಕ್ಕೂ ತಟ್ಟಿದೆ. ತಳವೇ ಚಾನಲ್ಲಿಗೆ ಒಗ್ಗಬೇಕು; ಚಾನಲ್ಲು ಬಾಗಬಾರದು. ಬೆಸುಗೆಯನ್ನೂ ಒಂದೇ ಕಡೆ ಹಾಕದೆ, ಸ್ಥಳ ಬದಲಿಸುತ್ತ ಹಾಕಿದರೆ ಶಾಖಕ್ಕೆ ತಗಡು ಸೊಟ್ಟಗಾಗದು.

ಆಯತದ ಕರ್ಣಗಳು ಸಮವೆಂಬುದನ್ನು ಈ ಶಾಲೆಯ ಕರಿಹಲಗೆಯಲ್ಲಿ, ಕನ್ನಡದಲ್ಲಿಯೇ ಕಲಿತಿದ್ದೆ. ಅದರ ಬೆಲೆ ತಿಳಿದದ್ದು ಕಾರಿನಡಿ ಮಲಗಿದ ದಿನ.